ಸೆನ್ಸರ್ ಪಕ್ಕ ಅಂಟಿಸಿದ ಅಯಸ್ಕಾಂತ

ತಮ್ಮಾ,

ಎದ್ದ ಕೂಡಲೇ ಇದನ್ನು ಓದು, ಮುಖ ಆಮೇಲೆ ತೊಳಿ. ಕಾಗದ ಕತ್ತರಿಸುವ ಯಂತ್ರದ ಪ್ಲಗ್ ಕಿತ್ತಿದ್ದೇನೆ. ನಾನು ಬರೋವರೆಗೆ ಹಾಕಬೇಡ.

ಬೆಳಿಗ್ಗೆ ಮುಚ್ಚಳ ಎತ್ತಿ, ಸಿಕ್ಕಿಕೊಂಡ ಚೂರು ತೆಗೆಯೋಕೆ ಕೈ ಹಾಕಿದೆ. ಮೊಣಕೈ ಯಂತ್ರದ ಗುಂಡಿಗೆ ತಾಗಿತು, ಕತ್ತಿ ಇಳಿದೇ ಬಿಟ್ಟಿತು. ಅಂಗಿ ತೋಳಿನ ತುದಿ ಹೋಯಿತು, ಕೈ ಉಳಿಯಿತು. ಮುಚ್ಚಳ ತೆರೆದಿದ್ದರೆ ಕತ್ತಿ ಅಲ್ಲಾಡಬಾರದಲ್ಲ ಅಂತ ಬಗ್ಗಿ ನೋಡಿದರೆ, ಸೆನ್ಸರ್ ಪಕ್ಕ ಹಳೇ ಸ್ಪೀಕರಿನ ಅಯಸ್ಕಾಂತ, ಮೇಲೆ ನಿನ್ನ ಕಪ್ಪು ಟೇಪು!

ಆ ಸೆನ್ಸರಿಗೆ ಕಣ್ಣಿಲ್ಲ ಕಣೋ. ಮುಚ್ಚಳದಲ್ಲಿರುವ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿದೆ ಅಂದುಕೊಳ್ಳುತ್ತೆ, ದೂರ ಹೋದರೆ ಕತ್ತಿ ತಡೆಯುತ್ತೆ. ಮುಟ್ಟದೆಯೇ ತಿಳಿಯುವುದರಿಂದ ಸವೆಯಲ್ಲ, ಕಾಗದದ ಧೂಳು ಕೂತರೂ ಕೆಡಲ್ಲ ಅಂತಲೇ ಅದನ್ನು ಇಟ್ಟಿರೋದು. ಕಣ್ಣಿಲ್ಲದ್ದರ ಕಣ್ಣಿಗೂ ಮಣ್ಣೆರಚಿದೆಯಲ್ಲ, ಭೇಷ್!

ಸಲಸಲಕ್ಕೂ ಮುಚ್ಚಳ ಹಾಕೋದು ತಪ್ಪಿ, ಶಾಲೆಯ ನೋಟ್‌ಬುಕ್ ಆರ್ಡರ್ ಬೇಗ ಮುಗೀಲಿ ಅಂತ ತಾನೇ? ಶಾಲೆಯವರ ಹತ್ತಿರ ಇನ್ನೆರಡು ದಿನ ಕೇಳೋಕೆ ಹೊರಟಿದ್ದೇನೆ. ಬೈದರೆ ನಾನೇ ಬೈಸಿಕೊಳ್ತೀನಿ.

ಅಡುಗೆ ಆಗಿದೆ, ಬಿಸಿ ಮಾಡಿಕೋ. ಅಪ್ಪನಿಗೆ ಏನೂ ಹೇಳಬೇಡ. ಅವರ ಕಾಲದ ಯಂತ್ರಕ್ಕೆ ಮುಚ್ಚಳವೂ ಇರಲಿಲ್ಲ, ಸೆನ್ಸರೂ ಇರಲಿಲ್ಲ. ಮಧ್ಯಾಹ್ನ ಅವರು ಊಟಕ್ಕೆ ಕೂರುವ ಮುಂಚೆ ನೀನೇ ಕೈಗೆ ನೀರು ಹಾಕು. ಬಲಗೈಯಲ್ಲಿ ಉಳಿದಿರೋ ಎರಡು ಬೆರಳನ್ನ ಸರಿಯಾಗಿ ನೋಡು.

ಅಯಸ್ಕಾಂತ ನನ್ನ ಚೀಲದಲ್ಲಿದೆ. ಆಮೇಲೂ ಬೇಕು ಅನ್ನಿಸಿದರೆ ಬಾಯಿ ಬಿಟ್ಟು ಕೇಳು.

ಅಕ್ಕ