ಹದವಾಗಿ ಬೆಂದ ಹಲ್ಲಿನ ಸೆಟ್ಟು

ಮಾರ್ಚ್ ೧೪, ಗುರುವಾರ

ಅಮ್ಮನ ಹಲ್ಲಿನ ಸೆಟ್ಟು ಕೊನೆಗೂ ಅವಳ ಬಾಯಿ ಸೇರಿತು.

ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವುದೇ ನನ್ನ ಕೆಲಸ. ಮೊನ್ನೆ ಅವಳ ಅವಸರಕ್ಕೆ ಮಣಿದು, ಪ್ಲಾಸ್ಟಿಕ್ ತುಂಬಿದ ಅಚ್ಚನ್ನು ನೇರವಾಗಿ ಕುದಿಯುವ ನೀರಿಗೆ ಇಳಿಸಿದ್ದೆ. ಬಿಚ್ಚಿ ನೋಡಿದರೆ ಗುಲಾಬಿ ಪ್ಲಾಸ್ಟಿಕ್ಕಿನ ಒಸಡಿನೊಳಗೆಲ್ಲ ಗುಳ್ಳೆ. ಪಾಲಿಶ್ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಂಥದ್ದು ಬೇಗ ಬಿರುಕು ಬಿಡುತ್ತದೆ, ಕೊಳೆ ಹಿಡಿಯುತ್ತದೆ. ಅಮ್ಮನ ಬಾಯಿಗೆ ಅದನ್ನು ಇಡಲು ಮನಸ್ಸು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ನೀರು ಕುದಿಯಲು ಬಿಡದೆ, ಹದವಾದ ಬಿಸಿಯಲ್ಲಿ ರಾತ್ರಿಯಿಡೀ ಬೇಯಿಸಿ, ತಾನಾಗಿ ಆರುವವರೆಗೆ ಮುಟ್ಟಲಿಲ್ಲ.

ಬೆಳಗ್ಗೆ ಅಮ್ಮ ಲ್ಯಾಬಿಗೇ ಫೋನ್ ಮಾಡಿ ಗದರಿದಳು. "ಇನ್ನೂ ಬೆಂದಿಲ್ವೇನೋ? ನಿನ್ನ ಹೆರೋಕೂ ಇಷ್ಟು ಹೊತ್ತು ಹಿಡಿದಿರ್ಲಿಲ್ಲ!"

ಅಚ್ಚು ಬಿಚ್ಚಿದಾಗ ಒಂದೂ ಗುಳ್ಳೆ ಇರಲಿಲ್ಲ. ಸಂಜೆ ಹಲ್ಲಿನ ಡಾಕ್ಟರು ಸೆಟ್ಟನ್ನು ಅವಳ ಬಾಯಿಗೆ ಕೂರಿಸಿದರು, ಎಲ್ಲೂ ಒತ್ತಲಿಲ್ಲ. ಅಮ್ಮ ಕನ್ನಡಿ ಮುಂದೆ ಹಲ್ಲು ಕಿರಿದು, ಆಮೇಲೆ ನನ್ನತ್ತ ತಿರುಗಿದಳು.

"ಚೆನ್ನಾಗಿದೆ ಕಣೋ, ಸೋಂಬೇರಿ."

ಹಲ್ಲು ಕೀಳಿಸಿದಾಗಿನಿಂದ ಅವಳ ಬಾಯಲ್ಲಿ 'ಸ' ಬರೀ ಗಾಳಿಯಾಗಿಬಿಟ್ಟಿತ್ತು. ಚಿಕ್ಕಂದಿನಿಂದ ಅವಳು ಮುದ್ದಿಗೆ ಕರೆಯುವ ಆ ಹೆಸರು ಇವತ್ತು ಸ್ಪಷ್ಟವಾಗಿ ಕೇಳಿತು. ಕೇಳಿಸದವನಂತೆ ನಟಿಸಿ ಇನ್ನೊಂದು ಸಲ ಹೇಳಿಸಿಕೊಂಡೆ.