ಆನ್ ಮರಿಯಾಳಿಗೆ ನೀವೇ ಹೇಳಿ

ಫಿಡೆಲಿಸ್,

ನಿಮ್ಮನ್ನು ಎಬ್ಬಿಸದೆ ಡ್ಯೂಟಿಗೆ ಹೊರಟೆ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ.

ನಿನ್ನೆ ಸಂಜೆ ಪ್ರಿನ್ಸಿಪಾಲರ ಮೆಸೇಜ್ ಬಂತು. ಚಳಿಗಾಲದ ರಜೆ ಮುಗಿದು ನಾಳೆ ಶಾಲೆ ಶುರು, ಸ್ವೆಟರ್ ಕಡ್ಡಾಯ. ಕೊನೆಯಲ್ಲಿ ಇನ್ನೊಂದು ಸುದ್ದಿಯಿದೆ: ರಜೆಗೆ ಊರಿಗೆ ಹೋದ ಲವೀನಾ ಟೀಚರ್ ಅಲ್ಲೇ ತೀರಿಕೊಂಡರಂತೆ.

ಮಗಳಿಗೆ ಗೊತ್ತಿಲ್ಲ. ನಿನ್ನೆ ರಾತ್ರಿಯೂ, "ಟೀಚರ್‌ಗೆ ಖರ್ಜೂರ ತೆಗೆದಿಡು ಮಮ್ಮಾ" ಎಂದಳು. ಆಸ್ಪತ್ರೆಯಲ್ಲಿ ಎಷ್ಟೋ ಮನೆಯವರಿಗೆ ಇಂಥ ಸುದ್ದಿ ಹೇಳಿದ್ದೇನೆ. ಅವಳಿಗೆ ಮಾತ್ರ ಹೇಳಲಾಗದೆ ಖರ್ಜೂರ ತೆಗೆದಿಟ್ಟೆ.

ಬಸ್ಸಿನಲ್ಲಿ ಯಾರಾದರೂ ಹೇಳುವ ಮೊದಲು ಇವತ್ತೇ ನೀವು ಹೇಳಿ. ಟಿವಿ ಆಫ್ ಮಾಡಿ, ಪಕ್ಕದಲ್ಲಿ ಕೂತು ಹೇಳಿ. "ಟೀಚರ್ ದೂರ ಹೋದರು" ಎನ್ನಬೇಡಿ, ಅವಳು ಕಾಯುತ್ತಾಳೆ. ಮನಸ್ಸು ತಿರುಗಿಸಲೆಂದು ಇಲ್ಲಿನ ಅರಬರ ಹಾಗೆ "ಯಲ್ಲಾ, ನಡಿ ಹೋಗೋಣ" ಎನ್ನುತ್ತಾ ಪಾರ್ಕಿಗೆ ಎಳೆದೊಯ್ಯಬೇಡಿ. ಅತ್ತರೆ ಅಳಲಿ.

ಅಳದಿದ್ದರೆ ಫೋನ್ ಮಾಡಿ. ರಜೆ ಕೇಳಿ ಬರುತ್ತೇನೆ.

ಡೊರೊತಿ