ಗಿಟಾರುಗಳು ಸುಮ್ಮನಾದ ಸಾಲು

ಅಬಿಲೀನ್, ಟೆಕ್ಸಸ್
ಅಕ್ಟೋಬರ್ 14

ಅಮ್ಮಾ,

ಇಲ್ಲ, ನಿನ್ನ ಮಾನ ನಾನು ಹರಾಜು ಹಾಕಿಲ್ಲ. ರೆಕಾರ್ಡ್ ಅಂಗಡಿಗೆ ಸಹಿ ಹಾಕಲು ಬಂದಿದ್ದ ಹಾಡುಗಾರ ಡೆಲ್ಮರ್ ಟಾಲ್ಬರ್ಟ್‌ಗೆ ನಿನ್ನ ಹೆಸರು ಹೇಳಿದೆ, ಅಷ್ಟೇ. ಚರ್ಚಿನ ಹಿರಿಯನ ಹೆಂಡತಿ ಮಿಸೆಸ್ ಪ್ರೂಯಿಟ್ ಅದನ್ನು ಕೇಳಿಸಿಕೊಂಡರೆ ನಾನೇನು ಮಾಡಲಿ? ಜೈಲಿನ ಹಾಡು ಹಾಡುವವನ ಸಹಿಗೆ ಅವರು ಸಾಲಲ್ಲಿ ನಿಂತದ್ದು ಯಾಕಂತೆ? ಅದನ್ನು ಕೇಳು ಮೊದಲು.

ನೀನು ಬೈಯುವಾಗ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಟಾಲ್ಬರ್ಟ್‌ನ ನಲವತ್ತು ವರ್ಷದ ಹಾಡುಗಳು ಸೇರಿ ಮೂರು ಡಿಸ್ಕಿನ ಆಲ್ಬಮ್ ಬಂದಿದೆ. ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪನಿಯವರಿಗೆ ಸಡ್ಡು ಹೊಡೆದು, ತನ್ನ ಕುಡುಕ ಬ್ಯಾಂಡನ್ನೇ ಕಟ್ಟಿಕೊಂಡು ಡ್ಯಾನ್ಸ್ ಹಾಲಿನ ಅಡಿಗೆಮನೆಯಲ್ಲಿ ರೆಕಾರ್ಡ್ ಮಾಡಿದ ಪುಂಡ ಅವನು. ಮೊದಲ ಡಿಸ್ಕಿನ ಏಳನೇ ಹಾಡಿನಲ್ಲಿ ಡ್ರಮ್ಮು, ಗಿಟಾರು ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಒಬ್ಬ ಹೆಂಗಸು ಬರಿಗಂಟಲಲ್ಲಿ ಒಂದೇ ಸಾಲು ಹಾಡುತ್ತಾಳೆ. ಆಮೇಲೆ ಮತ್ತೆ ಗಲಾಟೆ.

ಅದೇ ಸಾಲನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಹುಟ್ಟಿದಾಗಿನಿಂದ ಚರ್ಚಿನ ಬೆಂಚಿನಲ್ಲಿ ಪಕ್ಕದಲ್ಲೇ ಕೇಳಿದ ಗಂಟಲು ನನಗೆ ಗುರುತು ಸಿಗುವುದಿಲ್ಲವಾ?

ಜೊತೆಗಿರುವ ಪುಸ್ತಕದಲ್ಲಿ ಯಾವನೋ ಪಂಡಿತ ಬರೆದಿದ್ದಾನೆ. ಆ ಮೌನ ಟಾಲ್ಬರ್ಟ್‌ನ ಬಂಡಾಯವಂತೆ, ಎದೆಗಾರಿಕೆಯಂತೆ. ಹಾಡಿದವಳು ಯಾರೋ ಗೊತ್ತಿಲ್ಲವಂತೆ. ಆಲ್ಬಮ್ ಹಿಡಿದು ಸಹಿಯ ಸಾಲಿನಲ್ಲಿ ನಿಂತೆ. ಹಾಡಿದ್ದು ನನ್ನಮ್ಮ ವರ್ನೀಸ್ ಅಲ್ಲವಾ ಅಂತ ಟಾಲ್ಬರ್ಟ್‌ನನ್ನೇ ಕೇಳಿಬಿಟ್ಟೆ.

ಮುದುಕ ಪೆನ್ನು ಕೆಳಗಿಟ್ಟ. "ವರ್ನೀಸ್ ಮಗನೇನೋ? ಆ ಅಡಿಗೆಮನೇಲಿ ಮೀನು ಕರೀತಿದ್ದ ಹುಡುಗಿ ಕಣೋ ಅವ್ಳು. ಒಂದು ಸಾಲು ಹಾಡಮ್ಮ ಅಂದೆ. ನಮ್ಮ ಚರ್ಚಲ್ಲಿ ವಾದ್ಯ ಮುಟ್ಟಲ್ಲ, ಒಂದು ತಂತಿ ಅಲ್ಲಾಡಿದ್ರೂ ಬಾಯಿ ಬಿಡಲ್ಲ ಅಂದ್ಲು. ಪೊಲೀಸ್ರಿಗೇ ಹೆದರದ ನಾವು ಅವಳ ಸಟ್ಟುಗಕ್ಕೆ ಹೆದರಿ ಕೈಕಟ್ಟಿ ನಿಂತ್ವಿ" ಅಂದ.

ಅಮ್ಮಾ, ಆ ಬಂಡಾಯ ಅವನದಲ್ಲ, ನಿನ್ನದು! ಹತ್ತೊಂಬತ್ತರ ಹುಡುಗಿ ನೀನು, ಆ ಪುಂಡರೂ ಚರ್ಚಿನ ನಿಯಮ ಪಾಲಿಸುವ ಹಾಗೆ ಮಾಡಿದೆ. ಅದನ್ನು ಪಾಪವೆಂದು ಮೂವತ್ತು ವರ್ಷ ಬಚ್ಚಿಟ್ಟೆಯಲ್ಲ. ನನಗೆ ಸಿಟ್ಟು ಅದಕ್ಕೆ.

ಮುಂದಿನ ಸಲ ಆ ಪುಸ್ತಕ ಅಚ್ಚು ಹಾಕುವಾಗ ನಿನ್ನ ಹೆಸರು ಸೇರಿಸಲು ನಿನ್ನ ಒಪ್ಪಿಗೆ ಬೇಕಂತೆ. ಒಪ್ಪಿಗೆಯ ಕಾಗದ ಈ ಪತ್ರದ ಕೆಳಗಿದೆ. ಅದನ್ನು ಹರಿದುಹಾಕು ಅಂತ ನಿನ್ನೆ ನನಗೇ ಹೇಳಿದೆ. ನನ್ನ ಕೈಲಾಗದು. ಹರಿಯುವುದಾದರೆ ನೀನೇ ಹರಿ.

ನಾನು ಮಿಡ್‌ಲ್ಯಾಂಡಿಗೆ, ಎಣ್ಣೆಬಾವಿ ಕೆಲಸಕ್ಕೆ ಹೊರಟೆ. ಬಾಗಿಲು ಮೆತ್ತಗೆ ಎಳೆದುಕೊಂಡು ಹೋಗುತ್ತೇನೆ ಅಂದುಕೊಳ್ಳಬೇಡ. ಮಿಸೆಸ್ ಪ್ರೂಯಿಟ್ ಮನೆಗೂ ಕೇಳುವ ಹಾಗೆ ಬಡಿದೇ ಹೋಗುತ್ತೇನೆ.

ನಿನ್ನ ಮಗ,
ಲೋವೆಲ್

ತಾ.ಕ.: ಟ್ರಕ್ಕಿನಲ್ಲಿ ಆ ಡಿಸ್ಕು ಹಾಕಿದಾಗಲೆಲ್ಲ, ನಿನ್ನ ಸಾಲು ಬರುವ ಮೊದಲೇ ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತೇನೆ. ನೀನು ಹಾಡುವಾಗ ಅದೂ ಸದ್ದು ಮಾಡಬಾರದು.